ಎಡಗೈಗೆ ಕೆಲಸವಿಲ್ಲದವರಿಗೆ ಒಂದು ಕಾಗದ

ಬೆಳಗಿನ ಏಳೂವರೆಯಿಂದ ಒಂಬತ್ತರ ತನಕ ಬೆಂಗಳೂರಿನ ದರ್ಶಿನಿಗಳಲ್ಲಿ, ಎತ್ತರದ ದುಂಡು ಮೇಜಿನ ಸುತ್ತ ನಿಂತು ತಿಂಡಿ ತಿನ್ನುವ ಎಲ್ಲರಿಗೂ,



ನನ್ನ ಹೆಸರು ನಿಮಗೆ ಗೊತ್ತಿಲ್ಲ, ನಿಮ್ಮದು ನನಗೆ ಗೊತ್ತಿಲ್ಲ. ಆದರೂ ನಾವು ಒಂದೇ ಮೇಜಿನಲ್ಲಿ ತಿಂದವರು. ಮೊಣಕೈಗೆ ಮೊಣಕೈ ತಾಗಿಸಿಕೊಂಡು, ಒಬ್ಬರ ಸಾಂಬಾರನ್ನು ಇನ್ನೊಬ್ಬರ ಅಂಗಿಗೆ ಸಿಡಿಸಿಕೊಂಡು ವರ್ಷಗಟ್ಟಲೆ ಒಟ್ಟಿಗೆ ನಿಂತಿದ್ದೇವೆ. ಆ ಸಲಿಗೆಯ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಈಚೆಗೊಂದು ಮಂಗಳವಾರ, ಎಂದಿನಂತೆ ಟೋಕನ್ ಕೊಟ್ಟು ಒಂದು ಇಡ್ಲಿ, ಒಂದು ವಡೆ ತಗೊಂಡೆ. ಕೈತೊಳೆಯುವ ಜಾಗದ ಪಕ್ಕದ ಮೇಜಿನಲ್ಲಿ ಪ್ಲೇಟು ಇಟ್ಟೆ. ಎಡಗೈ ತನ್ನಷ್ಟಕ್ಕೆ ಜೇಬಿಗೆ ಹೋಗಿ ಫೋನು ತಂದಿತು. ಯಾರೋ ಒಬ್ಬ ತುಕ್ಕು ಹಿಡಿದ ಹಳೇ ಬೀಗವನ್ನು ಉಜ್ಜಿ ಉಜ್ಜಿ ಹೊಳೆಯಿಸುವ ವಿಡಿಯೊ. ನನಗೆ ಬೀಗದ ವ್ಯಾಪಾರವಿಲ್ಲ, ರಿಪೇರಿಯ ಹುಚ್ಚೂ ಇಲ್ಲ. ಆದರೂ ನೋಡಿದೆ. ಇಡ್ಲಿ ಮುಗಿಯಿತು. ಇನ್ನು ವಡೆ ಎಂದು ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಮತ್ತೊಂದು ಇಡ್ಲಿ.

ತಲೆ ಎತ್ತಿದೆ. ಎದುರಿಗೊಬ್ಬ ಹುಡುಗ. ಕೊರಳಲ್ಲಿ ಕಂಪನಿಯ ಕಾರ್ಡು, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಅರ್ಧ ವಡೆ.

'ಒಂದ್ನಿಮಿಷ, ನೀವು ವಡೆ ತಗೊಂಡಿದ್ರಾ?' ಎಂದು ಕೇಳಿದೆ.

ಕೈಯಲ್ಲಿದ್ದುದನ್ನು ಅವನು ಆಗ ಮೊದಲ ಸಲ ನೋಡಿದ. 'ಇಲ್ಲ ಸಾರ್. ನಾನು ಎರಡು ಇಡ್ಲಿ ಹೇಳಿದ್ದು.'

ಮೇಜು ಒರೆಸಲು ಬಂದವನು ನಡುವೆ ಪ್ಲೇಟುಗಳನ್ನು ಆಚೀಚೆ ಸರಿಸಿರಬೇಕು. ನಾವಿಬ್ಬರೂ ಒಬ್ಬರದನ್ನೊಬ್ಬರು ತಿಂದು ಮುಗಿಸುತ್ತಾ ಬಂದಿದ್ದೆವು. ಇಂಥ ಹೊತ್ತಿನಲ್ಲಿ ಏನಾದರೂ ಮಾತಾಡಬೇಕಲ್ಲ, 'ಹೇಗಿತ್ತು?' ಎಂದೆ.

'ಏನು ಸಾರ್?'

'ವಡೆ.'

ಪ್ರಾಮಾಣಿಕ ಹುಡುಗ. 'ಗೊತ್ತಾಗ್ಲಿಲ್ಲ ಸಾರ್' ಅಂದ.

ಮನೆಗೆ ಹೋಗಿ ಹೇಳಿದ್ದೇ ತಪ್ಪಾಯಿತು. 'ಯಾರದೋ ಎಂಜಲು ತಿಂದ್ಕೊಂಡು ಬಂದ್ರಾ?' ಎಂದು ನನ್ನ ಹೆಂಡತಿ ಹೌಹಾರಿದಳು. ಆಮೇಲೆ ಸ್ವಲ್ಪ ಯೋಚಿಸಿ, 'ಅವನೂ ನಿಮ್ಮ ಎಂಜಲು ತಿಂದ್ನಲ್ಲ, ಪಾಪ' ಎಂದಳು.

ನನಗೆ ಎಂಜಲಿಗಿಂತ ಹೆಚ್ಚು ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನನ್ನದು ಕರಡು ತಿದ್ದುವ ಕೆಲಸ. ಇಪ್ಪತ್ತೆಂಟು ವರ್ಷಗಳಿಂದ ಪುಸ್ತಕದ ಪ್ರೂಫು ನೋಡಿ ಹೊಟ್ಟೆ ಹೊರೆಯುತ್ತಿದ್ದೇನೆ. ಕನ್ನಡದಲ್ಲಿ ಒಂದಕ್ಷರ ಜಾರಿದರೆ ಏನಾಗುತ್ತದೆಂದು ನಿಮಗೇ ಗೊತ್ತು: 'ಆದರದ ಸ್ವಾಗತ' ಎಂದಿರಬೇಕಾದ ಕಡೆ ಅಕಾರ ಹಕಾರವಾಗಿಬಿಟ್ಟರೆ ಮದುವೆ ಮನೆಯವರು ದೊಣ್ಣೆ ಹಿಡಿದು ಪ್ರೆಸ್ಸಿಗೆ ಬರುತ್ತಾರೆ. ಆದ್ದರಿಂದ ನಮ್ಮ ಕಸುಬಿನಲ್ಲಿ ಬೇಗ ಓದುವವನಿಗೆ ಬೆಲೆಯಿಲ್ಲ. ಕಥೆ ಚೆನ್ನಾಗಿದೆ ಎಂದು ಅರ್ಥದ ಬೆನ್ನು ಹತ್ತಿದೆವೋ, ತಪ್ಪುಗಳೆಲ್ಲ ಸದ್ದಿಲ್ಲದೆ ದಾಟಿಹೋಗುತ್ತವೆ. ಅದಕ್ಕೇ ಒಮ್ಮೊಮ್ಮೆ ಸಾಲನ್ನು ಕೊನೆಯಿಂದ ಮೊದಲಿಗೆ, ಒಂದೊಂದೇ ಪದವಾಗಿ ಹಿಂದಕ್ಕೆ ಓದುತ್ತೇವೆ. ಇಷ್ಟೆಲ್ಲ ನಿಗಾ ಇಟ್ಟು ಸಂಬಳ ತೆಗೆದುಕೊಳ್ಳುವ ನನಗೆ ಇಡ್ಲಿ ಯಾವುದು, ವಡೆ ಯಾವುದು ಎಂದು ತಿಳಿಯದೆ ಹೋಯಿತು. ಇದು ಮುದ್ರಣದೋಷ ಎಂದು ಕ್ಷಮಿಸುವಂಥದ್ದಲ್ಲ.

ಈ ಕಾಗದ ಶುರುವಾದದ್ದು ಅಲ್ಲಿಂದ. ಇಲ್ಲಿ ನಿಂತುಕೊಂಡು ತಿನ್ನುವುದನ್ನು ನಾನು ಬೈಯುತ್ತೇನೆ ಎಂದುಕೊಂಡಿದ್ದರೆ ಹಾಗೇನಿಲ್ಲ. ನಾನು ದರ್ಶಿನಿಯ ಪಕ್ಷದವನು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಅದೊಂದು ಸಣ್ಣ ಕ್ರಾಂತಿ. ಆ ಮಾದರಿಗೆ ಆರ್. ಪ್ರಭಾಕರ್ ಅವರ ಹೆಸರು ಹೇಳುತ್ತಾರೆ. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಟಿಪ್ಸಿನ ಮುಜುಗರ ಇಲ್ಲ. ಮೊದಲೇ ದುಡ್ಡು, ಟೋಕನ್ನು, ಕಣ್ಣೆದುರೇ ಅಡುಗೆಮನೆ. ಇಷ್ಟಗಲ ಜಾಗದಲ್ಲಿ ನೂರಾರು ಜನಕ್ಕೆ ಬಿಸಿ ತಿಂಡಿ, ಅದೂ ಬಡ ಗುಮಾಸ್ತನ ಜೇಬಿಗೆ ಎಟುಕುವ ಬೆಲೆಗೆ. ಒಂದು ಕಾಲದಲ್ಲಿ ಹೋಟೆಲಿನಲ್ಲಿ ಜಾತಿ ನೋಡಿ ಬೇರೆ ಬೇರೆ ಕಡೆ ಕೂರಿಸುತ್ತಿದ್ದ ದೇಶ ಇದು. ದುಂಡು ಮೇಜಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಆಟೋದವರ ಪಕ್ಕ ಆಡಿಟರು ನಿಲ್ಲಲೇಬೇಕು. ಕೂತು ತಿನ್ನುವುದರ ಸುಖ ನನಗೂ ಗೊತ್ತು. ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನಕ್ಕೆ ಭಾನುವಾರ ಹೋಗಿ, ಬಾಗಿಲಲ್ಲಿ ಕಾದು, ಒಂದರ ಮೇಲೊಂದು ಪ್ಲೇಟು ತೋಳಿನುದ್ದಕ್ಕೂ ಜೋಡಿಸಿಕೊಂಡು ಬರುವ ಸಪ್ಲೈಯರನ್ನು ನೋಡಿ ಬೆರಗಾಗುವುದು ಒಂದು ಹಬ್ಬ. ಆದರೆ ಹಬ್ಬ ದಿನಾ ಬರುವುದಿಲ್ಲ. ಮಂಗಳವಾರ, ಬುಧವಾರಗಳನ್ನು ನಡೆಸುವುದು ದರ್ಶಿನಿಯೇ.

ನನ್ನ ತಕರಾರು ಎಡಗೈಯದು.

ಸ್ವಲ್ಪ ಯೋಚಿಸಿ. ಹಿಂದೆ ನಿಂತು ತಿನ್ನುವಾಗ ಎಡಗೈಗೆ ಕೆಲಸವಿರುತ್ತಿತ್ತು. ಜಾತ್ರೆಯಲ್ಲಿ, ಮದುವೆಯ ಬಫೆಯಲ್ಲಿ ಅದು ತಟ್ಟೆ ಹಿಡಿಯುತ್ತಿತ್ತು. ನೆಲಕ್ಕೆ ಕೂತು ಉಣ್ಣುವಾಗ ಮಡಿಲಲ್ಲಿ ಸುಮ್ಮನಿರುತ್ತಿತ್ತು, ನೀರಿನ ಲೋಟ ಎತ್ತಲು ಮಾತ್ರ ಏಳುತ್ತಿತ್ತು. ದರ್ಶಿನಿಯ ಮೇಜು ತಟ್ಟೆಯ ಭಾರವನ್ನು ತಾನು ಹೊತ್ತುಕೊಂಡು ಎಡಗೈಯನ್ನು ಬಿಡುಗಡೆ ಮಾಡಿತು. ಮೊದಲ ಇಪ್ಪತ್ತೈದು ವರ್ಷ ಆ ಕೈಗೆ ಏನು ಮಾಡಬೇಕೆಂದು ತೋಚಲಿಲ್ಲ. ಚೀಲ ಹಿಡಿಯಿತು, ಮಗುವಿನ ಭುಜದ ಮೇಲೆ ಇತ್ತು, ಪಕ್ಕದವರೊಡನೆ ರಾಜಕೀಯ ಮಾತಾಡುವಾಗ ಗಾಳಿಯಲ್ಲಿ ಆಡಿತು. ಆಮೇಲೆ ಫೋನು ಬಂತು. ಖಾಲಿ ಬಿದ್ದಿದ್ದ ಸೈಟಿನ ಹಾಗೆ ಆ ಕೈಯನ್ನು ಅದು ಒತ್ತುವರಿ ಮಾಡಿಕೊಂಡಿತು. ಈಗ ನೀವು ಯಾವ ದರ್ಶಿನಿಯ ಮುಂದೆ ನಿಂತು ನೋಡಿದರೂ ಅದೇ ಚಿತ್ರ: ನಾಲ್ಕು ಜನ, ನಾಲ್ಕು ಪ್ಲೇಟು, ನಾಲ್ಕು ಪರದೆ, ಮತ್ತು ಯಾರ ಕಣ್ಣೂ ಇಲ್ಲದೆ ಬಾಯಿಗೆ ದಾರಿ ಹುಡುಕಿಕೊಂಡು ಹೋಗುವ ನಾಲ್ಕು ಬಲಗೈ.

'ಹಿಂದೆ ಪೇಪರ್ ಓದಿಕೊಂಡು ತಿನ್ನುತ್ತಿರಲಿಲ್ಲವೇ?' ಎಂದು ನಿಮ್ಮಲ್ಲಿ ಹಿರಿಯರು ಕೇಳಬಹುದು. ತಿನ್ನುತ್ತಿದ್ದೆವು. ನಾನೂ ಆ ಪೈಕಿಯೇ. ಆದರೆ ಪೇಪರಿಗೆ ಕೊನೆಯ ಪುಟ ಎಂಬುದೊಂದಿತ್ತು. ಸಾಂಬಾರು ಬಿದ್ದರೆ ಸುದ್ದಿ ಅಳಿಸಿಹೋಗುತ್ತಿತ್ತು. ಎದುರಿನವರು 'ಸ್ವಲ್ಪ ಆ ಕ್ರೀಡಾ ಪುಟ ಕೊಡ್ತೀರಾ?' ಎಂದು ಕೇಳಿದರೆ ಕೊಡಲೇಬೇಕಾಗುತ್ತಿತ್ತು. ಫೋನಿಗೆ ಕೊನೆಯ ಪುಟವಿಲ್ಲ, ಅದರಲ್ಲಿ ಅರ್ಧ ಹರಿದು ಪಕ್ಕದವರಿಗೆ ಕೊಡಲೂ ಆಗುವುದಿಲ್ಲ.

'ನಮಗೆ ಪುರುಸೊತ್ತಿಲ್ಲ' ಎನ್ನುವುದು ಇನ್ನೊಂದು ಉತ್ತರ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ, ಯಾಕೆಂದರೆ ಅಳೆದು ನೋಡಿದ್ದೇನೆ. ಆ ಮಂಗಳವಾರದ ಮಾರನೆಯ ದಿನದಿಂದ ಒಂದು ತಿಂಗಳು, ಕೆಲಸದ ದಿನಗಳಲ್ಲೆಲ್ಲ, ಫೋನನ್ನು ಚೀಲದ ತಳಕ್ಕೆ ಹಾಕಿ ಕೈಗಡಿಯಾರ ನೋಡಿಕೊಂಡು ತಿಂದೆ. ಪ್ಲೇಟು ಇಟ್ಟಲ್ಲಿಂದ ಕೈ ತೊಳೆಯುವ ತನಕ ಹತ್ತು ನಿಮಿಷ. ಫೋನು ಹಿಡಿದು ತಿನ್ನುತ್ತಿದ್ದಾಗ ಎಷ್ಟು ಹಿಡಿಯುತ್ತಿತ್ತು? ಹನ್ನೊಂದು. ಅಂದರೆ ನಾನು ಯಾವ ಅವಸರದಲ್ಲಿದ್ದೇನೆಂದು ನಂಬಿದ್ದೆನೋ ಅದು ಅವಸರವೇ ಆಗಿರಲಿಲ್ಲ. ಹನ್ನೊಂದು ನಿಮಿಷವನ್ನೂ ಕೊಟ್ಟು, ವಡೆಯ ರುಚಿಯನ್ನೂ ಕೊಟ್ಟು, ಬದಲಿಗೆ ಬೀಗ ಉಜ್ಜುವವನನ್ನು ತಂದುಕೊಳ್ಳುತ್ತಿದ್ದೆ. ನಿಧಾನವಾಗಿ ಬದುಕಬೇಕು ಎಂದು ಯಾರಾದರೂ ಹೇಳಿದೊಡನೆ ನಮಗೆ ಹಳ್ಳಿಯಲ್ಲೊಂದು ತೋಟದ ಮನೆ, ರಾಜೀನಾಮೆ ಪತ್ರ, ಮುಂಜಾನೆಯ ಯೋಗ ಎಲ್ಲ ಕಣ್ಮುಂದೆ ಬರುತ್ತವೆ. ನಾನು ಕೇಳುವ ನಿಧಾನಕ್ಕೆ ಒಂದು ನಿಮಿಷವೂ ಹೆಚ್ಚಿಗೆ ಬೇಡ. ಒಂದು ನಿಮಿಷ ಉಳಿಯುತ್ತದೆ.

ಆ ತಿಂಗಳ ಕಥೆ ಸ್ವಲ್ಪ ಹೇಳುತ್ತೇನೆ. ಮೊದಲ ಮೂರು ದಿನ ನರಕ. ಬುಧವಾರ ಎಡಗೈ ಕತ್ತು ಕೆರೆಯಿತು, ನೀರಿನ ಲೋಟ ತಿರುಗಿಸಿತು, ಕಿಸೆಯಲ್ಲಿ ಇಲ್ಲದ ಚಿಲ್ಲರೆ ಎಣಿಸಿತು. ಕೊನೆಗೆ ಅದನ್ನು ಪ್ರೈಮರಿ ಶಾಲೆಯ ಹುಡುಗನ ಹಾಗೆ ಬೆನ್ನ ಹಿಂದೆ ಕಟ್ಟಿ ನಿಂತೆ. ಗುರುವಾರ ಇನ್ನೊಂದು ಸಮಸ್ಯೆ: ಕಣ್ಣನ್ನು ಎಲ್ಲಿಡುವುದು? ಎದುರಿಗೆ ತಿನ್ನುವವರನ್ನು ನೋಡುವಂತಿಲ್ಲ. ನೋಡಿದರೆ ಅವರು ಪ್ಲೇಟನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅದಕ್ಕೇ ದೋಸೆ ಕಲ್ಲಿನ ಕಡೆ ತಿರುಗಿ ನಿಂತೆ. ಒಳ್ಳೆಯದಾಯಿತು.

ನಮ್ಮ ದೋಸೆಯವನನ್ನು ನೀವು ಸರಿಯಾಗಿ ನೋಡಿದ್ದೀರಾ? ಆರು ವರ್ಷದಿಂದ ಅವನ ಕೈಯಡುಗೆ ತಿಂದ ನಾನು ನೋಡಿರಲಿಲ್ಲ. ಕಾದ ಕಲ್ಲಿನ ಮೇಲೆ ಒಂದು ಚೆಂಬು ನೀರು ಎರಚುತ್ತಾನೆ. ಚುಂಯ್ ಎಂದು ಆವಿ ಏಳುತ್ತದೆ. ಕಡ್ಡಿಪೊರಕೆಯಿಂದ ಒಂದೇ ಬೀಸಿಗೆ ಗುಡಿಸುತ್ತಾನೆ. ಆ ಚುಂಯ್ ಎಷ್ಟು ಹೊತ್ತು ನಿಂತಿತು ಎಂಬುದರಲ್ಲೇ ಅವನಿಗೆ ಕಲ್ಲಿನ ಕಾವು ತಿಳಿಯುತ್ತದೆ, ಕಿವಿಯಲ್ಲೇ ಥರ್ಮಾಮೀಟರು. ಆಮೇಲೆ ಸೌಟಿನಲ್ಲಿ ಹಿಟ್ಟು ಹೊಯ್ದು ನಡುವಿನಿಂದ ಅಂಚಿಗೆ ಸುತ್ತು ಸುತ್ತಾಗಿ ಎಳೆಯುತ್ತಾನೆ, ಸಾಲಾಗಿ ಹನ್ನೆರಡು. ಹನ್ನೆರಡನೆಯದು ಎಳೆಯುವ ಹೊತ್ತಿಗೆ ಮೊದಲನೆಯದರ ಅಂಚು ಕೆಂಪಾಗಿರುತ್ತದೆ. ಅವನ ಎರಡೂ ಕೈಗೆ ಕೆಲಸವಿದೆ, ಕಣ್ಣಿಗಿದೆ, ಕಿವಿಗಿದೆ. ನಮ್ಮೆಲ್ಲರಿಗಿಂತ ಬೇಗ ಕೆಲಸ ಮಾಡುವವನು ಅವನು, ಆದರೆ ಅಲ್ಲಿ ಗಡಿಬಿಡಿಯಿಲ್ಲದವನೂ ಅವನೊಬ್ಬನೇ. ವೇಗಕ್ಕೂ ಗಡಿಬಿಡಿಗೂ ಇರುವ ವ್ಯತ್ಯಾಸ ನನಗೆ ಐವತ್ತೆರಡನೇ ವಯಸ್ಸಿನಲ್ಲಿ ದೋಸೆ ಕಲ್ಲಿನೆದುರು ಗೊತ್ತಾಯಿತು.

ಬೇರೆಯವೂ ಗೊತ್ತಾದವು. ಎಂಟೂವರೆ ದಾಟಿದ ಮೇಲೆ ಚಟ್ನಿ ನೀರಾಗುತ್ತದೆ. (ಮಾಲೀಕರೇ, ನೀವೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ.) ವಡೆಯಲ್ಲಿ ಸಣ್ಣ ಕೊಬ್ಬರಿ ಚೂರಿರುತ್ತದೆ, ಅದು ಹಲ್ಲಿಗೆ ಸಿಕ್ಕಿದ ಕ್ಷಣ, ಅದರ ಬೆನ್ನಿಗೇ ಒಂದು ಇಡೀ ಮೆಣಸಿನ ಕಾಳು ಸಿಡಿದರೆ, ಬೆಳಗಿಗೆ ಅಷ್ಟು ಸಾಕು. ಖಾರಾಬಾತಿಗೆ ಶುಂಠಿಯನ್ನು ಜಜ್ಜದೆ ಹೆಚ್ಚಿ ಹಾಕುತ್ತಾರೆ. ಇನ್ನೊಂದು ಸಂಗತಿಯನ್ನು ನನ್ನ ಹೊಟ್ಟೆಯೇ ಹೇಳಿತು. ಮೊದಲು ಇಡ್ಲಿ-ವಡೆ ಮುಗಿದ ಮೇಲೂ ಏನೋ ತಿಂದಹಾಗಾಗದೆ ಅರ್ಧ ಖಾರಾಬಾತು ಹೇಳುತ್ತಿದ್ದೆ. ಆ ತಿಂಗಳು ಅದರ ನೆನಪೇ ಬರಲಿಲ್ಲ. ಹೊಟ್ಟೆ ತುಂಬಿತು ಎಂಬ ಸುದ್ದಿ ತಲೆಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕೆಂದು ಡಾಕ್ಟರುಗಳು ಹೇಳುತ್ತಾರೆ. ಗಮನ ಬೇರೆಡೆ ಇಟ್ಟು ತಿಂದವರು ಹೆಚ್ಚು ತಿನ್ನುತ್ತಾರೆಂದೂ ಹೇಳುತ್ತಾರೆ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ನಾನು ಇಷ್ಟು ದಿನ ಏನು ತಿನ್ನಬೇಕೆಂಬ ಲೆಕ್ಕದಲ್ಲಿ ಓದುತ್ತಿದ್ದೆ. ಅದರಲ್ಲಿ 'ಬಲ್ಲವನು' ಎಂಬ ಪದವನ್ನು ಹಾರಿಸಿ ಓದಿದ್ದೆ. ಪ್ರೂಫ್ ನೋಡುವವನ ಪಾಡು.

ಎಲ್ಲ ದಿನವೂ ಗೆದ್ದೆ ಎಂದರೆ ಸುಳ್ಳಾಗುತ್ತದೆ. ಎಂಟನೆಯ ದಿನ ಪ್ರೆಸ್ಸಿನಿಂದ ಕರೆ ಬಂತು, ಚೀಲದ ತಳದಲ್ಲಿ ಅದು ಗುಂಯ್‌ಗುಡುವುದು ಕೇಳಿಯೂ ಕೇಳದಂತಿರಲು ಆಗಲಿಲ್ಲ. ಪಲ್ಯ ಮೆತ್ತಿದ ಬೆರಳಿನಲ್ಲೇ ಫೋನು ಎತ್ತಿ ಮಾತಾಡಿದೆ. ಅಷ್ಟರಲ್ಲಿ ಮಸಾಲೆದೋಸೆ ತಣ್ಣಗಾಗಿ ರಟ್ಟಾಗಿತ್ತು. ಪ್ರೆಸ್ಸಿನವರಿಗೆ ಹೇಳಬೇಕಾಗಿದ್ದದ್ದು ಇಷ್ಟೇ: 'ಆಫೀಸಿಗೆ ಬಂದಮೇಲೆ ಫೋನ್ ಮಾಡಿ.'

ಇನ್ನು ಇಡ್ಲಿಯ ಮಾತು. ಟೋಕನ್ ಕೊಟ್ಟ ಅರ್ಧ ನಿಮಿಷಕ್ಕೆ ಇಡ್ಲಿ ನಿಮ್ಮ ಕೈಗೆ ಬರುತ್ತದೆ. ಅಷ್ಟು ಬೇಗ ಬರಲು ಕಾರಣ, ಅದು ನಿನ್ನೆ ಮಧ್ಯಾಹ್ನವೇ ಹೊರಟಿತ್ತು. ಉದ್ದು ನೆನೆಯಲು ನಾಲ್ಕೈದು ಗಂಟೆ. ಸಂಜೆ ರುಬ್ಬುವುದು. ಆಮೇಲೆ ರಾತ್ರಿಯಿಡೀ ಹಿಟ್ಟು ಸುಮ್ಮನೆ ಕೂತಿರಬೇಕು. ಅದು ನಮ್ಮ ಕಣ್ಣಿಗೆ ಸುಮ್ಮನೆ. ಒಳಗೆ ಲ್ಯುಕೊನೊಸ್ಟಾಕ್ ಎಂಬ ಜಾತಿಯ ಸೂಕ್ಷ್ಮಜೀವಿಗಳು ಬೆಳಗಿನ ತನಕ ಗಾಳಿ ಊದುತ್ತಾ ಹಿಟ್ಟನ್ನು ಉಬ್ಬಿಸುತ್ತಿರುತ್ತವೆ. ಇಡ್ಲಿ ಮುರಿದಾಗ ಕಾಣುವ ಸಣ್ಣ ಸಣ್ಣ ತೂತುಗಳು ಅವುಗಳ ರಾತ್ರಿಪಾಳಿಯ ಗುರುತು. ಈ ಜೀವಿಗಳನ್ನು ಯಾರೂ ಅವಸರಪಡಿಸಲಾರರು. ಬೆಂಗಳೂರಿನ ಡಿಸೆಂಬರಿನಲ್ಲಿ ಅವು ಇನ್ನೂ ನಿಧಾನ. ಆ ಚಳಿಯಲ್ಲಿ ನಮ್ಮಮ್ಮ ಹಿಟ್ಟಿನ ಪಾತ್ರೆಗೆ ಹಳೇ ಕಂಬಳಿ ಹೊದಿಸಿ ಒಲೆಯ ಪಕ್ಕ ಮಲಗಿಸುತ್ತಿದ್ದಳು, ಕೂಸನ್ನು ಮಲಗಿಸಿದ ಹಾಗೆ. ಬೆಳಗ್ಗೆ ಎದ್ದವಳೇ ಮೊದಲು ಮುಚ್ಚಳ ತೆಗೆದು ನೋಡುತ್ತಿದ್ದದ್ದು ಹಿಟ್ಟನ್ನು. ಎಲ್ಲ ಸೇರಿ ಹದಿನಾರು ಗಂಟೆಯ ಕೆಲಸ. ನಾವು ಅದಕ್ಕೆ ಕೊಡುವುದು ಮೂರು ನಿಮಿಷ, ಆ ಮೂರು ನಿಮಿಷವೂ ಬೇರೆ ಕಡೆ ನೋಡಿಕೊಂಡು.

ಗಂಟೆ ಬಿಟ್ಟು ವರ್ಷದ ಲೆಕ್ಕ ಹಿಡಿದರೆ ಸಾವಿರ ದಾಟುತ್ತದೆ. ಸುಮಾರು 920ರ ಶಿವಕೋಟ್ಯಾಚಾರ್ಯರ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆಯ ಹೆಸರಿದೆ. 1025ರ ಹೊತ್ತಿಗೆ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅದನ್ನು ಮಾಡುವ ಕ್ರಮವೇ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಬೆರೆಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕುವುದು. ಅಂದಿನ ಇಡ್ಡಲಿಗೆಯಲ್ಲಿ ಅಕ್ಕಿ ಇರಲಿಲ್ಲವೆಂದು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಚರಿತ್ರಕಾರ ಕೆ.ಟಿ. ಅಚ್ಚಯ್ಯ ಗುರುತಿಸಿದ್ದಾರೆ. ಅಕ್ಕಿ ಯಾವಾಗ ಬಂತು, ಇಂಗು ಯಾವಾಗ ಹೋಯಿತು ಎಂದು ಯೋಚಿಸುತ್ತಾ ಒಂದು ಇಡ್ಲಿ ತಿನ್ನಬಹುದು. ನಾನು ತಿಂದಿದ್ದೇನೆ, ಬೀಗದ ವಿಡಿಯೊಗಿಂತ ಚೆನ್ನಾಗಿರುತ್ತದೆ.

ಇಲ್ಲೊಂದು ಸಣ್ಣ ಸುತ್ತು. 1986ರಲ್ಲಿ ರೋಮ್ ನಗರದ ಹಳೆಯ ಚೌಕವೊಂದರ ಬಳಿ ಮೆಕ್‌ಡೊನಾಲ್ಡ್ಸ್ ಅಂಗಡಿ ತೆರೆದಾಗ ಕಾರ್ಲೊ ಪೆಟ್ರೀನಿ ಎಂಬ ಪತ್ರಕರ್ತ ಮತ್ತವರ ಗೆಳೆಯರು ಪ್ರತಿಭಟಿಸಿದರು. ಕಲ್ಲು ಹೊಡೆಯಲಿಲ್ಲ, ಪಾಸ್ತಾ ಬೇಯಿಸಿ ಹಂಚಿದರು. ಅಲ್ಲಿಂದ ಹುಟ್ಟಿದ 'ಸ್ಲೋ ಫುಡ್' ಚಳವಳಿಯ ಗುರುತು ಬಸವನಹುಳು. ಬಸವನಗುಡಿಯ ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು ಸಹಜ. ರೋಮಿನವರು ಬೇಗದ ಊಟದ ವಿರುದ್ಧ ಬೀದಿಗಿಳಿಯುವ ಮೂರು ವರ್ಷ ಮೊದಲೇ ನಾವು ನಮ್ಮದೇ ಬೇಗದ ಊಟ ಕಟ್ಟಿಕೊಂಡಿದ್ದೆವು. ಆದರೆ ನಮ್ಮ ಬೇಗದ ಊಟದ ಹೊಟ್ಟೆಯಲ್ಲಿ ಇದ್ದದ್ದು ರಾತ್ರಿಯಿಡೀ ಹುದುಗಿದ ಹಿಟ್ಟು. ಇದು ಜಗತ್ತಿನಲ್ಲಿ ಹೆಚ್ಚು ಜನರಿಗೆ ಸಿಗದ ಭಾಗ್ಯ ಎಂಬುದು ನನ್ನ ತೀರ್ಪು. ಬಡಿಸುವುದು ಬೇಗ, ಮಾಡುವುದು ನಿಧಾನ. ತಿನ್ನುವುದೊಂದು ಮಾತ್ರ ನಮ್ಮ ಕೈಯಲ್ಲಿತ್ತು.

ಕಾಫಿಯ ಲೆಕ್ಕ ಇನ್ನೂ ಉದ್ದ. ಗಿಡ ನೆಟ್ಟು ಮೂರ್ನಾಲ್ಕು ವರ್ಷಕ್ಕೆ ಫಸಲು. ಮಾರ್ಚ್-ಏಪ್ರಿಲಿನಲ್ಲಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದವರು ಆಕಾಶ ನೋಡುತ್ತಾ ಕೂರುವುದು ಹೂಮಳೆಗಾಗಿ. ಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಬೆಟ್ಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಕಂಪು ಹರಡುತ್ತದೆ. ಆ ಹೂ ಇರುವುದು ಮೂರ್ನಾಲ್ಕು ದಿನ. ಅದು ಹಣ್ಣಾಗಲು ಅರೇಬಿಕಾಕ್ಕೆ ಎಂಟೊಂಬತ್ತು ತಿಂಗಳು, ರೊಬಸ್ಟಾಕ್ಕೆ ಇನ್ನೂ ಎರಡು ತಿಂಗಳು ಮೇಲೆ. ಅಂದರೆ ಹೆಚ್ಚುಕಮ್ಮಿ ಒಂದು ಬಸಿರು. ಹಣ್ಣನ್ನು ಕೈಯಲ್ಲೇ ಕೊಯ್ಯಬೇಕು, ಕಣದಲ್ಲಿ ಒಣಗಿಸಬೇಕು, ಹುರಿಯಬೇಕು, ಪುಡಿ ಮಾಡಬೇಕು, ಕೊನೆಗೆ ಡಿಕಾಕ್ಷನ್ ಹನಿ ಹನಿಯಾಗಿ ಇಳಿಯುವುದನ್ನು ಕಾಯಬೇಕು. ಭಾರತದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ನಮ್ಮದೇ ರಾಜ್ಯದಲ್ಲಿ. ಆ ಎಪ್ಪತ್ತರಲ್ಲಿ ಒಂದು ಲೋಟ ನಿಮ್ಮ ಮುಂದಿದೆ, ನೊರೆ ಇನ್ನೂ ಕೂತಿಲ್ಲ. ಮೊದಲ ಗುಟುಕಿಗೆ ಕಹಿ, ಎರಡನೆಯದಕ್ಕೆ ಹಾಲು, ಮೂರನೆಯದಕ್ಕೆ ತಳದ ಸಕ್ಕರೆ ಸಿಗುತ್ತದೆ. ಮೂರೂ ಬೇರೆ ಬೇರೆ ಎಂದು ನನಗೆ ಗೊತ್ತಾದದ್ದು ಆ ತಿಂಗಳು. ಅದಕ್ಕೆ ಮೊದಲು ನಾನು ಕುಡಿಯುತ್ತಿದ್ದದ್ದು 'ಬಿಸಿ'ಯನ್ನು ಮಾತ್ರ.

ಈ ಊರಿನಲ್ಲಿ ಗಮನ ಕಲಿಸಲು ತರಬೇತಿಗಳಿವೆ, ಶುಲ್ಕಗಳಿವೆ. ನನ್ನ ಅಕ್ಕನ ಮಗಳು ಕೆಲಸ ಮಾಡುವ ಕಡೆ ಒಂದು ಶನಿವಾರ ಎಲ್ಲರನ್ನೂ ಕೂರಿಸಿ ತಲೆಗೊಂದು ಒಣದ್ರಾಕ್ಷಿ ಕೊಟ್ಟರಂತೆ. ನೋಡಿ, ಮುಟ್ಟಿ, ಮೂಸಿ, ಆಮೇಲೆ ನಾಲಗೆಯ ಮೇಲಿಟ್ಟು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಅಗಿಯಿರಿ ಎಂದರಂತೆ. 'ಮಾಮ, ಒಂದು ದ್ರಾಕ್ಷಿಗೆ ಹತ್ತು ನಿಮಿಷ!' ಎಂದು ನಗುತ್ತಾ ಹೇಳಿದಳು. ನಾನೂ ನಕ್ಕೆ. ಆಮೇಲೆ ಓದಿ ತಿಳಿದುಕೊಂಡೆ: 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಎಂಬವರು, ಬೌದ್ಧರ ಧ್ಯಾನದಿಂದ ಕಲಿತದ್ದನ್ನು ದೇವರು-ಧರ್ಮದ ಹಂಗಿಲ್ಲದೆ, ನೋವಿನಿಂದ ಬಳಲುವ ರೋಗಿಗಳಿಗೆ ಕೆಲವು ವಾರಗಳ ಪಾಠವಾಗಿ ಕೊಟ್ಟರು. ಆ ದ್ರಾಕ್ಷಿ ಬಂದದ್ದು ಅಲ್ಲಿಂದ. ನಗುವಂಥದ್ದೇನೂ ಇಲ್ಲ ಅದರಲ್ಲಿ. ಆದರೆ ನೋಡಿ, ಅದೇ ದ್ರಾಕ್ಷಿ ನಮ್ಮ ಕೇಸರಿಬಾತಿನಲ್ಲಿ ದಿನಾ ಸಿಗುತ್ತದೆ. ತುಪ್ಪದಲ್ಲಿ ಹುರಿದು ಬಲೂನಿನಂತೆ ಉಬ್ಬಿರುತ್ತದೆ, ಪಕ್ಕಕ್ಕೊಂದು ಗೋಡಂಬಿಯ ಚೂರೂ ಉಂಟು. ತರಬೇತಿಗೆ ಶುಲ್ಕ ಕಟ್ಟಿದ ಎಷ್ಟು ಜನ ಸೋಮವಾರ ಬೆಳಗ್ಗೆ ಚೌಚೌಬಾತಿನ ದ್ರಾಕ್ಷಿಯನ್ನು ನೋಡದೆ ನುಂಗಿರಬಹುದು ಎಂದು ಯೋಚಿಸಿದರೆ ಬೇಜಾರಾಗುತ್ತದೆ. ನಮ್ಮ ಮನೆಗಳಲ್ಲಿ ಈ ಪಾಠಕ್ಕೆ ಹೆಸರೇ ಇರಲಿಲ್ಲ. 'ತಟ್ಟೆ ನೋಡ್ಕೊಂಡು ತಿನ್ನೋ' ಎಂದು ಅಮ್ಮಂದಿರು ಗದರುತ್ತಿದ್ದರು, ಅಷ್ಟೇ.

(ಅಗಿದು ತಿನ್ನಿ ಎನ್ನುವವರಿಗೆ ಮುದ್ದೆ ಮಾತ್ರ ಸವಾಲು. ಮುದ್ದೆಯನ್ನು ಅಗಿಯುವವನನ್ನು ನಮ್ಮ ಮಂಡ್ಯದ ನೆಂಟರು ಮನುಷ್ಯರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ನುಂಗುವ ಆ ಕೆಲಸ ಎಷ್ಟು ಗಮನ ಬೇಡುತ್ತದೆಂದರೆ, ಮುದ್ದೆ ಊಟದಲ್ಲಿ ಫೋನು ಹಿಡಿದವರು ನನಗಿನ್ನೂ ಕಾಣಸಿಕ್ಕಿಲ್ಲ.)

ನಿಮ್ಮಲ್ಲಿ ಕೆಲವರಿಗೆ ಈ ಕಾಗದ ಅನ್ವಯಿಸುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೆನ್ನಿಗೆ ದೊಡ್ಡ ಚೌಕದ ಚೀಲ ಹಾಕಿಕೊಂಡು, ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಇಡ್ಲಿ ತಿನ್ನುವ ಡೆಲಿವರಿಯ ಹುಡುಗರು ಮತ್ತು ಹುಡುಗಿಯರೇ, ನೀವು ಫೋನು ನೋಡಲೇಬೇಕು. ಮುಂದಿನ ಆರ್ಡರು ಅದರಲ್ಲೇ ಬರುತ್ತದೆ, ತಪ್ಪಿದರೆ ಹೊಟ್ಟೆಗೆ ಕಲ್ಲು. ನಿಮಗೆ ನಿಧಾನವಾಗಿ ತಿನ್ನಿ ಎಂದು ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಮನೆಬಾಗಿಲಿಗೆ ಬರಬೇಕೆಂದು ಆಸೆಪಟ್ಟವರಲ್ಲಿ ನಾನೂ ಒಬ್ಬ. ನಮ್ಮ ಅವಸರವನ್ನು ನಿಮ್ಮ ಬೆನ್ನಿಗೆ ಕಟ್ಟಿ ಕಳಿಸಿ, ಇಲ್ಲಿ ನಿಧಾನದ ಸುಖ ವರ್ಣಿಸುವುದು ಯಾವ ನ್ಯಾಯ? ಈಗ ನಾನು ಸೊಪ್ಪನ್ನು ಸಂಜೆ ನಡೆದುಹೋಗಿ ತರುತ್ತೇನೆ. ಅದರಿಂದ ನಿಮ್ಮ ಸಂಪಾದನೆ ಕಡಿಮೆಯಾಯಿತೋ, ದಣಿವು ಕಡಿಮೆಯಾಯಿತೋ, ನೀವೇ ಹೇಳಬೇಕು.

ಹಾಗೆಯೇ ಆಸ್ಪತ್ರೆಯಲ್ಲಿ ಯಾರನ್ನೋ ಬಿಟ್ಟು ಬಂದವರು, ಮಗುವಿನ ಶಾಲೆಯ ಕರೆಗೆ ಕಾಯುತ್ತಿರುವವರು. ನೀವೆಲ್ಲ ಫೋನು ನೋಡಿಕೊಳ್ಳಿ. ನಾನು ಬರೆದಿರುವುದು ನನ್ನಂಥವರಿಗೆ; ಯಾವ ಕರೆಯೂ ಬರುವುದಿಲ್ಲವೆಂದು ಗೊತ್ತಿದ್ದೂ ನೋಡುವವರಿಗೆ.

ಆ ಐಡಿ ಕಾರ್ಡಿನ ಹುಡುಗ ಮತ್ತೆ ಸಿಕ್ಕಿದ್ದ. ನಡುವೆ ಮೂರು ವಾರವಾಗಿತ್ತು. ನನ್ನನ್ನು ನೋಡಿ ನಕ್ಕು, ಪ್ಲೇಟನ್ನು ಎತ್ತಿ ತೋರಿಸಿದ: ಒಂದು ಇಡ್ಲಿ, ಒಂದು ವಡೆ. 'ಇವತ್ತು ನನ್ನದೇ ಸಾರ್' ಅಂದ. ಫೋನು ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಮಲಗಿತ್ತು. ವಡೆ ಹೇಗಿದೆ ಎಂದೆ. ಸ್ವಲ್ಪ ಹೊತ್ತು ಅಗಿದು, 'ಉಪ್ಪು ಜಾಸ್ತಿ ಆಗಿದೆ ಸಾರ್ ಇವತ್ತು' ಎಂದ. ನಿಜ, ಜಾಸ್ತಿಯಾಗಿತ್ತು.

ನಾಳೆಯೂ ನಾನು ಅಲ್ಲೇ ಇರುತ್ತೇನೆ, ಎಂಟು ಗಂಟೆ ಸುಮಾರಿಗೆ, ಕೈತೊಳೆಯುವ ಜಾಗದ ಪಕ್ಕದ ಮೇಜಿನಲ್ಲಿ. ನನ್ನ ಎಡಗೈಯಲ್ಲಿ ಫೋನು ಕಂಡರೆ ಸಂಕೋಚವಿಲ್ಲದೆ ಮೊಣಕೈಗೆ ತಟ್ಟಿ. ನಿಮ್ಮ ಕೈಯಲ್ಲಿ ಕಂಡರೆ ನಾನೂ ತಟ್ಟುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒಂದು ಇಡ್ಲಿ, ಒಂದು ವಡೆ ಇರುವ ಪ್ಲೇಟು ನನ್ನದು. ದಯವಿಟ್ಟು ನೋಡಿಕೊಂಡು ತಿನ್ನಿ.

ಇಂತಿ ನಿಮ್ಮ ಮೇಜಿನವನೇ ಆದ,
ಒಬ್ಬ ಪ್ರೂಫ್ ರೀಡರ್